ತೋಟದವನಿಗೆ ಅಮ್ಮ ಒಯ್ದ ಬಾಟಲಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೊದಲ ಸಲ ಆ ದ್ರಾಕ್ಷಿತೋಟಕ್ಕೆ ಹೋದದ್ದು ಜುಲೈಯ ಚಳಿಯಲ್ಲಿ ಎಂದು ನಂಬಿಕೊಂಡಿದ್ದೇನೆ, ಏಕೆಂದರೆ ಅಮ್ಮ ಎರಡು ಸ್ವೆಟರ್ ಹಾಕಿಕೊಂಡಿದ್ದಳು. ಆದರೆ ನೈರೋಬಿಗೆ ಬಂದ ಮೇಲೆ ಅಮ್ಮ ಫೆಬ್ರವರಿಯ ಸೆಕೆಯಲ್ಲೂ ಸ್ವೆಟರ್ ಬಿಚ್ಚಿದವಳಲ್ಲ. ತೋಟದ ಮಾಲೀಕನಿಗೆ ಗಡ್ಡವಿತ್ತೋ ಇಲ್ಲವೋ ಹೇಳಲಾರೆ. ಎರಡನೆಯ ಭೇಟಿಯ ದಿನ ನನ್ನ ಡೈರಿಯಲ್ಲಿರುವುದು ಮೂರು ವಾಕ್ಯ: 'ತೋಟಕ್ಕೆ ಹೋದೆವು. ಅಣ್ಣ ಆರು ಬಾಟಲಿ ಕೊಂಡ. ಅಮ್ಮನಿಗೆ ಖುಷಿ.' ಮೊದಲೆರಡು ನಿಜ. ಮೂರನೆಯದನ್ನು ಯಾರು ಓದಲಿ ಎಂದು ಬರೆದೆನೋ ಗೊತ್ತಿಲ್ಲ.

ಇನ್ನೊಂದನ್ನೂ ಮೊದಲೇ ಹೇಳಿಬಿಡಬೇಕು. ನಾವು ಮಂಗಳೂರು ಕಡೆಯ ಕ್ರೈಸ್ತರು, ಮನೆಯಲ್ಲಿ ಆಡುವುದು ಕೊಂಕಣಿ. ಇಲ್ಲಿ ಬರೆಯುತ್ತಿರುವುದು ನನ್ನ ಶಾಲೆ ಕಾಲೇಜಿನ ಕನ್ನಡ. ಎಂದರೆ ಅಮ್ಮನ ಮಾತು ಈ ಪುಟಕ್ಕೆ ಬರುವ ಮೊದಲೇ ಒಮ್ಮೆ ನನ್ನ ಕೈಯಲ್ಲಿ ಅನುವಾದವಾಗಿದೆ. ನಾನು ಎಂಥ ಅನುವಾದಕಿ ಎಂಬುದು ಮುಂದೆ ತಿಳಿಯುತ್ತದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿದ್ದೆ. ಲೊರೆಶೋದ ಬಾಡಿಗೆ ಮನೆಯಲ್ಲಿ ನಾನು ಮತ್ತು ಅಮ್ಮ, ಎರಡು ರಸ್ತೆ ಆಚೆ ಅಣ್ಣನ ಸಂಸಾರ. ಅಣ್ಣ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಕಂಪನಿ ಕೆಲಸಕ್ಕೆಂದು ಎರಡು ಸಲ ಕೇಪ್ ಟೌನ್‌ಗೆ ಹೋಗಿ ಬಂದವನು ವೈನ್ ಬಲ್ಲವನಾಗಿಬಿಟ್ಟಿದ್ದ. ಅಲ್ಲಿ ಸಮುದ್ರದ ಗಾಳಿಗೆ ತಣ್ಣಗಿರುವ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರಂತೆ, ಜನ ನೇರವಾಗಿ ತೋಟದ ಬಾಗಿಲಿಗೇ ಹೋಗಿ ರುಚಿ ನೋಡಿ ಕೊಳ್ಳುತ್ತಾರಂತೆ, ಅದಕ್ಕೆ ಸೆಲ್ಲರ್ ಡೋರ್ ಎನ್ನುತ್ತಾರಂತೆ. ಚಳಿ ಇದ್ದಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಅದರ ಗತ್ತೇ ಬೇರೆ ಎಂದು ಅವನು ಊಟದ ಮೇಜಿನಲ್ಲಿ ಪಾಠ ಮಾಡುತ್ತಿದ್ದ. ಕೆನ್ಯಾದಲ್ಲಿ ಆಗ ಅಂಥ ತೋಟಗಳು ಎರಡೋ ಮೂರೋ. ಅವುಗಳಲ್ಲೊಂದು ಕಣಿವೆಯೊಂದರ ಅಂಚಿನ ಎತ್ತರದಲ್ಲಿ, ಬೆಳಗಿನ ಹೊತ್ತು ಮಂಜು ಬಿಡದ ಜಾಗದಲ್ಲಿತ್ತು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಅಣ್ಣ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ.

ಅಮ್ಮನಿಗೂ ವೈನ್ ಗೊತ್ತಿತ್ತು. ಕ್ರಿಸ್ಮಸ್‌ಗೆ ನಮ್ಮವರು ಮನೆಮನೆಗೆ ಹಂಚುವ ಕುಸ್ವಾರ್ ಎಂಬ ತಿಂಡಿಗಳ ತಟ್ಟೆಯಲ್ಲಿ ನೆವ್ರಿ, ಕಲ್‌ಕಲ್‌ಗಳ ಜೊತೆ ಅಮ್ಮ ತನ್ನ ಕೈಯಲ್ಲಿ ಮಾಡಿದ ವೈನಿನ ಪುಟ್ಟ ಬಾಟಲಿಯನ್ನೂ ಇಡುತ್ತಿದ್ದಳು. ಕಪ್ಪು ದ್ರಾಕ್ಷಿ, ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ದಿನಾ ಮರದ ಸೌಟಿನಿಂದ ಒಂದೇ ದಿಕ್ಕಿಗೆ ತಿರುಗಿಸುವುದು. ಕೊನೆಗೆ ಬಿಳಿ ಬಟ್ಟೆಯಲ್ಲಿ ಸೋಸಿ, ಬಣ್ಣಕ್ಕೆ ಸುಟ್ಟ ಸಕ್ಕರೆ ಬೆರೆಸುವುದು. ಅದಕ್ಕೆಂದೇ ಊರಿನಿಂದ ಪಿಂಗಾಣಿ ಭರಣಿಯೊಂದನ್ನು ಸೀರೆಗಳಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ನೈರೋಬಿಯಲ್ಲಿ ಅವಳಿಗೆ ಇದ್ದ ಹೆಸರೆಲ್ಲ ಆ ಭರಣಿಯದ್ದು. ಇಲ್ಲದಿದ್ದರೆ ಅವಳು ಮಗಳ ಮನೆಯಲ್ಲಿರುವ ಒಬ್ಬ ಮುದುಕಿ, ಅಷ್ಟೇ.

ತೋಟದವನು ಬಿಳಿಯ, ಇಲ್ಲಿಯೇ ಹುಟ್ಟಿ ಬೆಳೆದವನು. ಪೀಪಾಯಿಗಳ ಪಕ್ಕದ ಮರದ ಕಟ್ಟೆಯ ಮೇಲೆ ಒಬ್ಬೊಬ್ಬರಿಗೆ ಐದೈದು ಗ್ಲಾಸುಗಳನ್ನು ಸಾಲಾಗಿಟ್ಟು ಒಂದೊಂದರಲ್ಲೂ ಎರಡು ಗುಟುಕು ಹಾಕಿದ. ಅಣ್ಣ ಗ್ಲಾಸು ತಿರುಗಿಸಿ, ಮೂಸಿ, ಬಾಯಲ್ಲಿ ಗುಳುಗುಳು ಮಾಡಿ, ಕಟ್ಟೆಯ ಮೇಲಿದ್ದ ತಗಡಿನ ಬಕೆಟ್ಟಿಗೆ ಉಗುಳಿದ.

'ಎಂತ, ಹುಳ ಉಂಟಾ ಅದರಲ್ಲಿ?' ಅಂದಳು ಅಮ್ಮ.

'ಇಲ್ಲ ಅಮ್ಮಾ, ರುಚಿ ನೋಡಿ ಉಗುಳುವುದೇ ಕ್ರಮ.'

'ಬಾಯಿಗೆ ಹಾಕಿದ್ದನ್ನು ಉಗುಳುವುದಾ, ಕೊಟ್ಟವನ ಎದುರೇ? ನಿನಗೆ ನಾನು ಹಾಗೆ ಕಲಿಸ್ಲಿಲ್ಲ ಪುತಾ.' ಅಷ್ಟು ಹೇಳಿ ತನ್ನ ಪಾಲಿನ ಐದನ್ನೂ ನುಂಗಿದಳು. ಐದಕ್ಕೂ ಮುಖ ಕಿವುಚಿದಳು. ವಾಪಸು ಬರುವಾಗ ಲಿಮುರು ದಾಟುವವರೆಗೂ ಅವಳಿಗೆ ಆ ಮನುಷ್ಯನದ್ದೇ ಚಿಂತೆ. 'ಪಾಪ, ಇಷ್ಟು ಒಳ್ಳೆ ತೋಟ. ಸಕ್ಕರೆ ಹಾಕ್ಬೇಕು ಅಂತ ಯಾರೂ ಹೇಳಿಕೊಡ್ಲಿಲ್ಲ ಅವನಿಗೆ. ಈ ಸಲದ್ದು ಆಗಲಿ, ನಂದೊಂದು ಬಾಟಲಿ ತಂದು ತೋರಿಸುವ.'

ನಾವಿಬ್ಬರೂ ನಕ್ಕೆವು. ಅವಳೂ ನಕ್ಕಳು. ಆದರೆ ಅವಳು ತಮಾಷೆ ಮಾಡಿರಲಿಲ್ಲ.

ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಅಣ್ಣ ಮತ್ತೆ ತೋಟಕ್ಕೆ ಹೊರಟಾಗ ಅಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಜ್ಯೂಸಿನ ಬಾಟಲಿ, ಒಳಗೆ ಅವಳ ವೈನ್. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, 'ನೀನು ಹೇಳು ಅವಳಿಗೆ, ಮರ್ಯಾದೆ ಹೋಗ್ತದೆ' ಅಂದ. 'ನೀನೇ ಹೇಳು' ಅಂದೆ. ಯಾರೂ ಹೇಳಲಿಲ್ಲ. ದಾರಿಯುದ್ದಕ್ಕೂ ಅವಳು ಆ ಬಾಟಲಿಯನ್ನು ಮಡಿಲಿನಲ್ಲಿ ಹಿಡಿದು, ಕಾರು ಗುಂಡಿಗೆ ಇಳಿದಾಗಲೆಲ್ಲ ಎತ್ತಿಕೊಳ್ಳುತ್ತಿದ್ದಳು.

ತೋಟದವನು ಒಳ್ಳೆಯವನೇ. ಶುದ್ಧವಾದ ಗ್ಲಾಸು ತಂದು ಅಮ್ಮನ ಎದುರೇ ಸುರಿದುಕೊಂಡ. ತಿರುಗಿಸಿದ, ಮೂಸಿದ, ಬಾಯಿಗೆ ಹಾಕಿದ. ಬಾಯೊಳಗೆ ಆಡಿಸಿದ. ಆಮೇಲೆ ಬಕೆಟ್ಟಿಗೆ ಉಗುಳಿದ. ತನ್ನ ವೈನನ್ನೂ ಅವನು ಉಗುಳುತ್ತಿದ್ದ, ಅದು ಅವನ ಕಸುಬು. ಅಮ್ಮ ಬಕೆಟ್ಟನ್ನು ನೋಡಿದಳು, ಅವನನ್ನು ನೋಡಿದಳು, ನನ್ನನ್ನು ನೋಡಿದಳು.

ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಲವಂಗ ಎಂದದ್ದು ಖಂಡಿತ. ಚಿಕ್ಕಂದಿನಲ್ಲಿ ಕುಡಿಸುತ್ತಿದ್ದ ಕಾಫ್ ಸಿರಪ್ ನೆನಪಾಗುತ್ತದೆ ಎಂದೂ ಹೇಳಿದನೆಂದು ನನ್ನ ನೆನಪು. ಆದರೆ ಕಾಫ್ ಸಿರಪ್ ಅಣ್ಣನ ಕಾರ್ಖಾನೆಯ ಮಾಲು. ಆ ಮಾತು ಅಣ್ಣನದ್ದಾಗಿದ್ದು, ನಾನು ಅದನ್ನು ಬಿಳಿಯನ ಬಾಯಿಗೆ ಹಾಕಿರಲೂಬಹುದು. ಪರರ ಮೇಲೆ ಸಿಟ್ಟಾಗುವುದು ಸುಲಭ.

'ಎಂತ ಹೇಳಿದ?' ಅಂದಳು ಅಮ್ಮ.

'ಭಾರೀ ಒಳ್ಳೆದುಂಟಂತೆ. ಹೇಗೆ ಮಾಡಿದ್ದು ಅಂತ ಕೇಳ್ತಾನೆ.'

ಅಮ್ಮ ಸೆರಗು ಸರಿಮಾಡಿಕೊಂಡಳು. 'ಹೇಳು ಅವನಿಗೆ. ದ್ರಾಕ್ಷಿ ತೊಳೆದು ಬಟ್ಟೆ ಮೇಲೆ ಒಣಗಿಸ್ಬೇಕು, ಒಂದು ಹನಿ ನೀರು ಇರ್ಬಾರದು. ಮಿಕ್ಸಿಗೆ ಹಾಕ್ಲಿಕ್ಕಿಲ್ಲ, ಕೈಯಲ್ಲೇ ಹಿಚುಕುವುದು.'

ನಾನು ಅವನ ಕಡೆ ತಿರುಗಿದೆ. ಇಲ್ಲಿ ಚಳಿಗಾಲವೆಂಬುದೇ ಇಲ್ಲವಲ್ಲ, ಬಳ್ಳಿಗೆ ವಿಶ್ರಾಂತಿ ಯಾವಾಗ ಎಂದು ನನ್ನ ತಾಯಿ ಕೇಳುತ್ತಿದ್ದಾರೆ ಎಂದೆ. ಅವನಿಗೆ ಪ್ರಶ್ನೆ ಹಿಡಿಸಿತು. ಭೂಮಧ್ಯರೇಖೆಯಲ್ಲಿ ಬಳ್ಳಿ ತಾನಾಗಿ ಮಲಗುವುದಿಲ್ಲ, ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಅದನ್ನು ಮಲಗಿಸಬೇಕು ಎಂದು ವಿವರಿಸಿದ.

'ಈಗ ಎಂತ ಕೇಳ್ತಾನೆ?'

'ಗೋಧಿ ಎಷ್ಟು ಹಾಕುವುದು ಅಂತ.'

'ಒಂದು ಹಿಡಿ. ಅವನ ಹಿಡಿ ಅಲ್ಲ, ನನ್ನ ಹಿಡಿ.' ಮುಷ್ಟಿ ಎತ್ತಿ ತೋರಿಸಿದಳು. ಅವನು ಆ ಮುಷ್ಟಿಯನ್ನು ನೋಡಿ, ಏನೂ ಅರ್ಥವಾಗದೆ, ನಕ್ಕ.

ಹೀಗೆ ಎಷ್ಟು ಹೊತ್ತು ನಡೆಯಿತೋ. ಇಪ್ಪತ್ತು ನಿಮಿಷ ಎಂದು ನನಗನ್ನಿಸುತ್ತದೆ, ಐದೇ ಇರಬಹುದು. ಅವನು ಮಣ್ಣಿನ ಬಗ್ಗೆ ಹೇಳಿದ್ದನ್ನು ನಾನು ಲವಂಗದ ಪ್ರಶ್ನೆ ಮಾಡಿದೆ. ಅವಳು ಸೌಟಿನ ಬಗ್ಗೆ ಹೇಳಿದ್ದನ್ನು ಹಕ್ಕಿಗಳ ಕಾಟದ ಪ್ರಶ್ನೆ ಮಾಡಿದೆ. ಅಣ್ಣನಿಗೆ ಎರಡೂ ಭಾಷೆ ಕೇಳಿಸುತ್ತಿತ್ತು.

'ಬರ್ಕೊಳ್ಳುವುದಿಲ್ವಾ ಅವ?' ಅಂದಳು ಅಮ್ಮ.

'ಅವನಿಗೆ ಒಳ್ಳೆ ನೆನಪುಂಟು ಅಮ್ಮಾ.'

'ಬರೀಲಿಕ್ಕೆ ಹೇಳು ಮಾರಾಯ್ತಿ,' ಅಂದ ಅಣ್ಣ, 'ನಾಳೆ ನಮ್ಮ ಕಂಪನಿಗೂ ಬೇಕಾದೀತು.' ಹೇಳಿ ನಗು ತಡೆಯಲಾರದೆ ಹೊರಗೆ ಹೋದ.

ಅಮ್ಮನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ. ಆ ಕೋಣೆಯಲ್ಲಿ ಬೇರೆ ಗಿರಾಕಿಗಳೂ ಇದ್ದರು, ಒಳ್ಳೆಯ ಬೂಟು ಹಾಕಿದವರು. ನಾನು ಬಚಾವು ಮಾಡಿದ್ದು ನನ್ನ ಮುಖವನ್ನು.

ಅಣ್ಣ ಒಳಗೆ ಬಂದ ಕೂಡಲೇ, ಮುಖ ತೊಳೆದು ಬರುತ್ತೇನೆಂದು ನಾನು ಹೊರಬಿದ್ದೆ. ವಾಪಸು ಬಾಗಿಲಿಗೆ ಬಂದಾಗ ಅಣ್ಣ ಕಟ್ಟೆಯ ಹತ್ತಿರವೇ ತನ್ನ ಬಾಟಲಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ತೋಟದವನು ಅಮ್ಮನ ಕಡೆ ಬಾಗಿ ಮೆಲ್ಲಗೆ ಏನೋ ಹೇಳುತ್ತಿದ್ದ. ಅಮ್ಮ 'ಸವಾ, ಸವಾ' ಅನ್ನುತ್ತಿದ್ದಳು. ಸ್ವಾಹಿಲಿಯಲ್ಲಿ, ಎಂದರೆ ಇಲ್ಲಿಯವರ ಮಾತಿನಲ್ಲಿ, ಸರಿ, ಸರಿ. ತನ್ನ ಬಾಟಲಿಗೆ ಬಿರಡೆ ಹಾಕಿ ಟವೆಲಿನಲ್ಲಿ ಸುತ್ತಿ ಆಗಿತ್ತು. ನನ್ನನ್ನು ಕಂಡು, 'ಹೋಗುವ' ಅಂದಳು. ಅವನಿಗೆ 'ಅಸಾಂಟೆ ಸಾನಾ', ಬಹಳ ಉಪಕಾರ, ಅಂದಳು, ತುಂಬ ಮರ್ಯಾದೆಯಿಂದ.

ಆಗ ನನಗೆ ಏನೂ ಅನ್ನಿಸಲಿಲ್ಲ. ಅವನು ಈ ನೆಲದಲ್ಲಿ ಹುಟ್ಟಿದವನು, ಅವನಿಗೆ ಸ್ವಾಹಿಲಿ ನೀರು ಕುಡಿದಷ್ಟು ಸಲೀಸು. ನಾನು ಬ್ಯಾಂಕಿನಲ್ಲಿ ಇಂಗ್ಲಿಷ್ ಆಡಿಕೊಂಡಿದ್ದಾಗ ಅಮ್ಮ ದಿನಾ ಗೇಟಿನಲ್ಲಿ ತರಕಾರಿಯ ಹೆಂಗಸರೊಡನೆ ಅರ್ಧ ಗಂಟೆ ಸ್ವಾಹಿಲಿ ಆಡುತ್ತಿದ್ದಳು. ಅವರಿಬ್ಬರ ನಡುವೆ ನಾನು ಬೇಕೇ ಇರಲಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಒಂದು ವರ್ಷ ಹಿಡಿಯಿತು.

ಆ ವರ್ಷವಿಡೀ ಅಮ್ಮ ಇಗರ್ಜಿಯ ಅಂಗಳದಲ್ಲಿ ನಮ್ಮವರು ಸಿಕ್ಕಾಗಲೆಲ್ಲ ಹೇಳುತ್ತಿದ್ದಳು: 'ವೈನ್ ತೋಟದವ ನನ್ನ ಹತ್ತಿರ ರೆಸಿಪಿ ಕೇಳಿ ತಗೊಂಡ. ನನ್ನ ಮಗಳೇ ಇಂಗ್ಲಿಷಲ್ಲಿ ಹೇಳಿದ್ದು.' ಪ್ರತಿಸಲ ನನ್ನ ಕಡೆ ತಿರುಗಿ, 'ಅಲ್ಲವಾ ಬಾಯ್?' ಅನ್ನುತ್ತಿದ್ದಳು, ಮಗಳೇ ಎನ್ನುವ ಹಾಗೆ. ಪ್ರತಿಸಲ ನಾನು ಹೌದು ಅನ್ನುತ್ತಿದ್ದೆ. ಎಷ್ಟು ಸಲ ಎಂದು ಡೈರಿ ಹೇಳುವುದಿಲ್ಲ.

ನವೆಂಬರ್ ಬಂತು. ಅಮ್ಮ ದ್ರಾಕ್ಷಿ ತರಿಸಲಿಲ್ಲ. ಕೇಳಿದರೆ ಕೈ ನೋವು ಅಂದಳು. ಅದೇ ಕೈಯಲ್ಲಿ ಕಲ್‌ಕಲ್‌ಗೆ ಹಿಟ್ಟು ನಾದುತ್ತಿದ್ದಳು. ಭರಣಿಗೆ ಅಕ್ಕಿ ತುಂಬಿಸಿದಳು. ಆ ವರ್ಷದ ಕುಸ್ವಾರ್ ತಟ್ಟೆಗಳು ಬಾಟಲಿ ಇಲ್ಲದೆ ಹೋದವು. ಎಲ್ಲರೂ ಫೋನ್ ಮಾಡಿ ಕೇಳಿದರು, ಅವಳು ಎಲ್ಲರಿಗೂ ಕೈ ನೋವು ಅಂದಳು.

ಕ್ರಿಸ್ಮಸ್ ಮಧ್ಯಾಹ್ನ ಅಣ್ಣನ ಸಂಸಾರ ಊಟಕ್ಕೆ ಬಂತು. ಅಮ್ಮ ಮೇಜಿನ ಮೇಲೆ ಒಂದು ಬಾಟಲಿ ತಂದಿಟ್ಟಳು. ಅದೇ ತೋಟದ ವೈನ್. ಯಾರಿಗೂ ಹೇಳದೆ ಮಟಾಟು ವ್ಯಾನು ಹತ್ತಿ ವೆಸ್ಟ್‌ಲ್ಯಾಂಡ್ಸ್‌ಗೆ ಹೋಗಿ ಸೂಪರ್‌ಮಾರ್ಕೆಟ್ಟಿನಿಂದ ತಂದಿದ್ದಳು. ಮೊದಲು ನನ್ನ ಗ್ಲಾಸಿಗೇ ಸುರಿದಳು. 'ಕುಡಿ. ಉಗುಳುವುದಿದ್ದರೆ ಸಿಂಕ್ ಅಲ್ಲುಂಟು.'

ಅಣ್ಣ ಜೋರಾಗಿ ನಕ್ಕ. ಅವಳು ನಗಲಿಲ್ಲ. ನಾನು ಕುಡಿದೆ. ಮೊದಲ ಸಲ ಅಮ್ಮ ಯಾಕೆ ಮುಖ ಕಿವುಚಿದ್ದಳೆಂದು ನನ್ನ ನಾಲಿಗೆಗೆ ಗೊತ್ತಾಯಿತು.

ಆಮೇಲೆ ಎರಡು ವರ್ಷ ಅವಳಿದ್ದಳು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಕೊನೆಯ ವಾರ ಪಕ್ಕದಲ್ಲೇ ಕೂತಿದ್ದೆ. ಬೇಕಾದಷ್ಟು ಹೊತ್ತಿತ್ತು. ನಾನು ದಿಂಬು ಸರಿಮಾಡಿದೆ, ಹಣ್ಣಿನ ರಸ ಕುಡಿಸಿದೆ, ನರ್ಸ್ ಕೇಳಿದ್ದನ್ನು ಅವಳಿಗೂ ಅವಳು ಹೇಳಿದ್ದನ್ನು ನರ್ಸಿಗೂ ಹೇಳಿದೆ. ಒಮ್ಮೆ ಅಮ್ಮ ನನ್ನ ಕೈ ತಳ್ಳಿ ನೇರವಾಗಿ ನರ್ಸಿಗೇ ಸ್ವಾಹಿಲಿಯಲ್ಲಿ ಹೇಳಿದಳು.

ನನಗೆ ಬೇಕಾಗಿರುವುದು ಒಂದೇ ವಿಷಯ. ಉಗುಳಿದ್ದನ್ನು ನೋಡಿಯೂ ಅವಳು ನನ್ನ ಮಾತನ್ನೇ ನಂಬಿ, ಆ ವರ್ಷವನ್ನು ಹೆಮ್ಮೆಯಿಂದ ಕಳೆದು, ನವೆಂಬರಿನ ಹೊತ್ತಿಗೆ ಹೇಗೋ ನಿಜ ತಿಳಿದುಕೊಂಡಳೇ? ಅಥವಾ ಆ ಕಟ್ಟೆಯ ಬಳಿಯೇ, ನಾನು ಮುಖ ತೊಳೆಯುತ್ತಿದ್ದಾಗ, ಎಲ್ಲ ಗೊತ್ತಾಗಿ ಹೋಗಿತ್ತೇ? ಹಾಗಿದ್ದರೆ ಇಗರ್ಜಿಯ ಅಂಗಳದಲ್ಲಿ ಅವಳು ನನ್ನ ಸುಳ್ಳನ್ನು ಕಾಪಾಡುತ್ತಿದ್ದಳು, ಇಲ್ಲವೇ ನಾನು ಬಾಯಿಬಿಡಲಿ ಎಂದು ಪ್ರತಿಸಲ ಒಂದು ಅವಕಾಶ ಕೊಡುತ್ತಿದ್ದಳು. 'ಅಲ್ಲವಾ ಬಾಯ್?' ಎಂಬ ಆ ದನಿಯನ್ನು ಎಷ್ಟು ನೆನಪಿಸಿಕೊಂಡರೂ ಯಾವುದೆಂದು ಗೊತ್ತಾಗುವುದಿಲ್ಲ. ಹೆಚ್ಚು ನೆನಪಿಸಿಕೊಂಡಷ್ಟೂ ಅದು ನನ್ನದೇ ದನಿಯಾಗುತ್ತದೆ.

ಆಗ ಕಟ್ಟೆಯ ಹತ್ತಿರ ಇದ್ದವನು ಅಣ್ಣ. ಕಾರ್ಖಾನೆಯ ಕೆಲಸಗಾರರ ಜೊತೆ ದಿನವೂ ಸ್ವಾಹಿಲಿ ಆಡುವವನು. ಅಮ್ಮ ತೀರಿಕೊಂಡು ತಿಂಗಳಿಗೆ ಇಗರ್ಜಿಯಲ್ಲಿ ಮಾಡಿಸಿದ ಪೂಜೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅವನ ಮನೆಯ ವರಾಂಡದಲ್ಲಿ ಕೇಳಿದೆ. ಅವನು ಗ್ಲಾಸನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ. ಈ ವರ್ಷದ್ದರಲ್ಲಿ ಹುಳಿ ಸ್ವಲ್ಪ ಹೆಚ್ಚಾಗಿದೆ ಅಂದ. ಆಮೇಲೆ ಎರಡು ಸಲ ಕೇಳಿದ್ದೇನೆ, ಒಮ್ಮೆ ಫೋನಿನಲ್ಲಿ. ಆಗ ಅಮ್ಮನ ಭರಣಿ ಯಾರ ಹತ್ತಿರ ಉಂಟು ಎಂದು ಅವನೇ ತಿರುಗಿ ಕೇಳಿದ. ನನ್ನ ಹತ್ತಿರ ಇದೆ, ಖಾಲಿ ಇದೆ ಎಂದೆ. ಮತ್ತೆ ಅದನ್ನೇ ಕೇಳಿದೆ:

'ಅಣ್ಣಾ, ಆ ದಿನ ನಾನು ಹೊರಗೆ ಹೋಗಿದ್ದಾಗ ಅವ ಅಮ್ಮನಿಗೆ ಎಂತ ಹೇಳಿದ?'