ಗಡಿಕಲ್ಲಿಗೆ ಸಾಕ್ಷಿ

ಫ್ರಾನ್ಸಿನ ಓವರ್ನ್ ಬೆಟ್ಟದ ರೈತ ಗಾಸ್ಪಾರ್, ನೆರೆಯವನು ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗ, ಗಡಿಕಲ್ಲನ್ನು ಆ ನೆರೆಯವನ ಜಮೀನಿನೊಳಗೆ, ಅಕ್ರೋಟು ಮರದ ಆಚೆಗೆ ಸರಿಸಿದ್ದ. ಮಳೆಗೆ ಜಾರಿದ್ದ ಕಲ್ಲನ್ನು ಸರಿಯಾಗಿ ನೆಟ್ಟೆನೆಂದು ಮೂವತ್ತು ವರ್ಷ ತನಗೆ ತಾನೇ ಹೇಳಿಕೊಂಡು, ಕೊನೆಗೆ ನಂಬಿಯೂ ಬಿಟ್ಟಿದ್ದ.

ಈಗ ಆ ಜಾಗ ಅವನ ಹೆಸರಿಗಾಗಬೇಕಿತ್ತು. ನೋಟರಿ ಹೇಳಿದ: "ಮೂವತ್ತು ವರ್ಷ ಎಲ್ರೆದುರಿಗೆ ಅನುಭವಿಸಿದ್ರೆ ಸಾಕು. ಮನಸ್ಸಲ್ಲಿ ಏನಿತ್ತು ಅಂತ ಕಾನೂನು ಕೇಳಲ್ಲ. ಒಬ್ರು ಸಾಕ್ಷಿ ಬೇಕು, ಅಷ್ಟೇ."

ಸಾಕ್ಷಿಗೆ ಬಂದವಳು ಆ ನೆರೆಯವನ ವಿಧವೆ ಓದೀಲ್. "ಈ ಮುದುಕನ ಬಾಯಿ ಕೆಟ್ಟದ್ದು ಸ್ವಾಮಿ, ಕೈಯಲ್ಲ," ಎಂದು ನಕ್ಕಳು. "ಕಲ್ಲು ಮೊದ್ಲಿಂದ್ಲೂ ಅಲ್ಲೇ ಇತ್ತು. ನಮ್ಮವ್ರು ಸಾಯೋವಾಗ ನಮ್ಮ ಹಸುಗಳ ಹಾಲು ಕರೆದೋನೂ ಇವ್ನೇ."

ಹಾಲು ಕರೆದ ಮೇಲೆ ಗುದ್ದಲಿ ಹಿಡಿದು ಹೋದ ಬೆಳಗು ಗಾಸ್ಪಾರನಿಗೆ ನೆನಪಾಯಿತು. ಕಲ್ಲು ಜಾರಿರಲಿಲ್ಲ. ಹೇಳಲು ಬಾಯಿ ತೆರೆದ. ಓದೀಲ್ ಸಹಿ ಮಾಡಿ, ಲೇಖನಿಯನ್ನು ಅವನ ಕೈಗಿಟ್ಟಳು. ಈ ಸಲ ಎಲ್ಲ ತಿಳಿದೇ ಅವನು ಸಹಿ ಹಾಕಿದ.