ತಾಮೂ ಮತ್ತು ಕೊಳದ ಐದನೆಯ ಮೆಟ್ಟಿಲು

ನಮ್ಮ ಐನ್ ಹೂತಿನ ಕೊಳಕ್ಕೆ ಏಳು ಮೆಟ್ಟಿಲು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ದಂಡೆಯ ಮೇಲೆ ನಿಂತೇ ಏಳನ್ನೂ ಎಣಿಸಬಹುದಿತ್ತು. ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಎರಡೇ ಕಾಣುತ್ತಿದ್ದವು. ಮೂರನೆಯದರಿಂದ ಕೆಳಗೆ ಬಟಾಣಿ ಬೇಯಿಸಿ ಕಡೆದ ಹಾಗೆ ಬರೀ ಹಸಿರು.

ಕೊಳದಿಂದ ನೀರು ಹೊರಬೀಳುವ ಕಾಲುವೆಯ ಬಾಯಲ್ಲಿ ಕೂತು ತಾಮೂ ನಲವತ್ತು ವರ್ಷ ಉಣ್ಣೆ ತೊಳೆದಳು. ಮದುಮಗಳ ಹಾಸಿಗೆಗೆ, ದಿಂಬಿಗೆ ತುಂಬುವ ಉಣ್ಣೆ. ಫೆಸ್‌ ಪೇಟೆಯಿಂದಲೂ ಅವಳಿಗೆ ಮೂಟೆ ಬರುತ್ತಿತ್ತು. ಅವಳ ಮನೆಗೂ ನನ್ನ ಮನೆಗೂ ಮಾಳಿಗೆಯ ಮೇಲೆ ಒಂದೇ ಗೋಡೆ, ಎದೆಯೆತ್ತರದ್ದು. ಅದರ ಮೇಲೆ ಮೊಣಕೈ ಊರಿ ಅವಳು ಕೇಳಿದ ಪ್ರಶ್ನೆಗಳನ್ನು ಒಟ್ಟು ಹಾಕಿದ್ದರೆ ಇನ್ನೊಂದು ಬೆಟ್ಟವಾಗುತ್ತಿತ್ತು. ಹುಂಜ ಯಾಕೆ ಕಣ್ಣು ಮುಚ್ಚಿ ಕೂಗುತ್ತೆ? ಹಾಲು ಯಾಕೆ ಉಕ್ಕುತ್ತೆ, ನೀರು ಯಾಕೆ ಉಕ್ಕೋದಿಲ್ಲ? ಗಂಡ ತೀರಿಕೊಂಡ ದಿನವೂ, ಮೈ ತೊಳೆಯಲು ಬಂದವರನ್ನು "ಬಿಸಿನೀರೇ ಯಾಕೆ?" ಎಂದು ಕೇಳಿದವಳು ಅವಳು.

ಆ ಬೇಸಿಗೆ ಉಣ್ಣೆ ಒಣಗಿದ ಮೇಲೂ ಕೊಳೆತ ಸೊಪ್ಪಿನ ವಾಸನೆ ಬಿಡಲಿಲ್ಲ. ಒಬ್ಬಳು ಮದುಮಗಳ ತಾಯಿ ಮೂಟೆ ವಾಪಸ್ ತಂದು ಬಾಗಿಲಲ್ಲಿ ಇಳಿಸಿದಳು. ಪುದೀನ ಬೆಳೆಯುವವರದೂ ಅದೇ ಗೋಳು. ಅದೇ ಕಾಲುವೆಯ ನೀರು ಕುಡಿದ ಕಟ್ಟುಗಳನ್ನು ಸಂತೆಯಲ್ಲಿ ಮೂಸಿ ಕೆಳಗಿಡುತ್ತಿದ್ದರು. ಗುರುವಾರ ಮಸೀದಿಯ ಜಗಲಿಯ ಮೇಲೆ ಹಿರಿಯರು ಸೇರಿದರು. ಪುದೀನದವರ ಪರವಾಗಿ ಬುಶ್ತಾ ಎದ್ದು ನಿಂತ. ಕೊಳಕ್ಕೆ ಸಿಮೆಂಟಿನ ಮುಚ್ಚಳ ಹಾಕಬೇಕು, ಬಿಸಿಲು ಬೀಳದಿದ್ದರೆ ಪಾಚಿ ಹುಟ್ಟುವುದಿಲ್ಲ, ಅಲ್ಲಿಂದ ತೋಟಕ್ಕೆ ನೇರ ಪೈಪು ಎಳೆಯಬೇಕು ಎಂದ.

"ಆಗ ಕಾಲುವೆ?" ಎಂದಳು ತಾಮೂ.

"ಕಾಲುವೆ ಯಾಕೆ ಬೇಕು ತಾಮೂ ಅಮ್ಮಾ? ಅಲ್ಲಿ ಕೂತು ಸೋಪು, ಜಿಡ್ಡು, ಕುರಿ ಹಿಕ್ಕೆ ಎಲ್ಲಾ ಬಿಡೋಳು ನೀನೇ ಅಲ್ವಾ? ನೀರು ಕೆಡಿಸಿದೋರು ಯಾರು ಅಂತ ಊರಿಗೇ ಗೊತ್ತು."

"ನಾನು ಕೂರೋದು ಕೊಳದ ಕೆಳಗೆ ಕಣೋ! ನಿನ್ನ ತೋಟದಲ್ಲಿ ನೀರು ಮೇಲಕ್ಕೆ ಹತ್ತುತ್ತೇನೋ?"

ಎಲ್ಲರೂ ನಕ್ಕರು. ಆದರೂ ಸಿಮೆಂಟಿನ ಚೀಲಗಳು ಆ ವಾರವೇ ಬಂದು ಮಸೀದಿಯ ಸೂರಿನಡಿ ಕೂತವು. ಮುಕದ್ದಮ್ ಬೆನ್ನಾಸರ್, ಊರಿನ ಮಾತು ಕಡೆಗೆ ಅವನದೇ, ಅಂಜೂರ ಕೊಯ್ಲು ಮುಗಿದ ಗುರುವಾರ ಕೆಲಸ ಶುರು ಎಂದ.

ಬೇರೆಯವಳಾಗಿದ್ದರೆ ಅತ್ತು ಕೂರುತ್ತಿದ್ದಳು. ತಾಮೂ ಮರುದಿನ ಬೆಳಿಗ್ಗೆ ಗೋಡೆಯ ಮೇಲಿಂದ ಕರೆದಳು. "ಬತೂಲ್, ನಿಮ್ಮಲ್ಲಿ ಆಲಿವ್ ಹಾಕಿದ ಗಾಜಿನ ಸೀಸೆ ಖಾಲಿ ಇದ್ಯಾ? ಎರಡು ಕೊಡೇ."

"ಏನಕ್ಕೇ?"

"ಹಸಿರಿಗೆ ಏನು ತಿಂದರೆ ಸೊಗಸು ಅಂತ ಅದನ್ನೇ ಕೇಳ್ತೀನಿ."

ಐದು ಸೀಸೆ. ಐದರಲ್ಲೂ, ಕೊಳಕ್ಕೆ ನೀರು ಇಳಿಯುವ ಬಂಡೆಯ ಬಾಯಿಂದಲೇ ಹಿಡಿದು ತಂದ ಊಟೆಯ ನೀರು. ಹಾಲಿಗೆ ಹೆಪ್ಪು ಹಾಕುವ ಹಾಗೆ ಒಂದೊಂದಕ್ಕೂ ಒಂದೊಂದು ಚಮಚ ಕೊಳದ ಹಸಿರು ನೀರು. ಆಮೇಲೆ ಒಂದಕ್ಕೆ ಅವಳು ಉಣ್ಣೆಗೆ ಹಾಕುವ ನೊರೆಬೇರಿನ ಪುಡಿ, ಇನ್ನೊಂದಕ್ಕೆ ಆಡಿನ ಹಿಕ್ಕೆ, ಮತ್ತೊಂದಕ್ಕೆ ಬುಶ್ತಾನ ತೋಟದ ಬದುವಿನಿಂದ ಹೆಕ್ಕಿದ ಗೊಬ್ಬರದ ಬಿಳಿ ಕಾಳು. ನಾಲ್ಕನೆಯದಕ್ಕೆ ಏನು ಹಾಕುವುದೆಂದು ತೋಚದೆ, ಬುಟ್ಟಿಯಲ್ಲಿ ಕೈಗೆ ಸಿಕ್ಕ ಒಣ ರೊಟ್ಟಿಯ ತುಣುಕು ಹಾಕಿದಳು. ಐದನೆಯದಕ್ಕೆ ಏನೂ ಇಲ್ಲ. ಓದು ನಮಗಿಬ್ಬರಿಗೂ ಅಷ್ಟಕ್ಕಷ್ಟೆ. ಸೀಸೆಯ ಕುತ್ತಿಗೆಗೆ ಬಣ್ಣದ ಉಣ್ಣೆದಾರ ಕಟ್ಟಿ ಗುರುತು ಮಾಡಿದೆವು. ರೊಟ್ಟಿಯದಕ್ಕೆ ಬಿಳಿ ದಾರ, ಬರಿಯ ನೀರಿನದಕ್ಕೆ ದಾರವಿಲ್ಲ.

ಆ ಬುಟ್ಟಿಯ ಮಾತು ಹೇಳಬೇಕು. ರೊಟ್ಟಿಯನ್ನು ಕಸಕ್ಕೆ ಹಾಕುವ ಕೈ ನಮ್ಮಲ್ಲಿಲ್ಲ. ದಾರಿಯಲ್ಲಿ ಬಿದ್ದಿದ್ದರೂ ಎತ್ತಿ ಮುತ್ತಿಟ್ಟು ಗೋಡೆಯ ಗೂಡಿನಲ್ಲಿಡುತ್ತೇವೆ. ಗೂಡುಗಳನ್ನು ಬರಿದು ಮಾಡಲು ಮೊದಲು ಅಲ್ಲಾಲ್ ಎಂಬವನು ಕತ್ತೆ ಹೊಡೆದುಕೊಂಡು ಬರುತ್ತಿದ್ದ, ದನಕ್ಕೆ ಒಯ್ಯುತ್ತಿದ್ದ. ಅವನು ಹೋದ ಮೇಲೆ ಆರು ವರ್ಷದಿಂದ ತಾಮೂಳೇ ಬುಟ್ಟಿ ಹಿಡಿದು ಬೀದಿ ಸುತ್ತಿ, ಎಲ್ಲವನ್ನೂ ಕೊಳದ ಮೀನುಗಳಿಗೆ ಮುರಿದು ಹಾಕುತ್ತಿದ್ದಳು. ಮನೆಯಲ್ಲಿ ಸುಡುವುದು ಬಿಟ್ಟು ಅಂಗಡಿಯ ರೊಟ್ಟಿ ತರುವುದು ಹೆಚ್ಚಾದಂತೆ ಬುಟ್ಟಿಯೂ ಭಾರವಾಯಿತು. ಮಕ್ಕಳು ಅವಳನ್ನು ಮೀನಮ್ಮ ಎಂದೇ ಕರೆಯುತ್ತಿದ್ದವು.

ನಾಲ್ಕನೆಯ ದಿನಕ್ಕೆ ಗೊಬ್ಬರದ ಸೀಸೆ ತಿಳಿಹಸಿರಾಯಿತು. ರೊಟ್ಟಿಯದು ಮಜ್ಜಿಗೆಯ ಹಾಗೆ ಬೆಳ್ಳಗಾಗಿ ನಾರತೊಡಗಿತು. ಹನ್ನೆರಡನೆಯ ದಿನ ಗೊಬ್ಬರದ ಸೀಸೆ ಪುದೀನದಷ್ಟೇ ಹಸಿರು. ಹಿಕ್ಕೆಯದು ಕಂದು ಬೆರೆತ ಹಸಿರು. ಬೇರಿನ ಪುಡಿಯದು ಒಂದಿಷ್ಟು ಮಬ್ಬು, ಅಷ್ಟೆ. ದಾರವಿಲ್ಲದ್ದು ಇದ್ದ ಹಾಗೇ ಇತ್ತು.

"ಸಿಕ್ಕಿಬಿದ್ದ ಬುಶ್ತಾ!" ಎಂದು ತಾಮೂ ಕುಣಿದಳು. "ಬಾರೇ ಮೇಲೆ ಹೋಗಿ ನೋಡಣ, ಎಲ್ಲಿಂದ ಇಳಿಸ್ತಾನೆ ಅಂತ."

ಮಂಡಿ ಹಿಡಿದುಕೊಂಡು ಊಟೆಯ ಮೇಲಿನ ಗುಡ್ಡ ಹತ್ತಿದೆವು. ಮೇಲೆ ಬೋಳು ಬಂಡೆ. ಒಂದು ಹಿಡಿ ಉತ್ತ ಮಣ್ಣಿಲ್ಲ. ತೋಟವೆಲ್ಲ ಕೊಳದ ಕೆಳಗೇ. ತಾಮೂ ಬಂಡೆಯ ಮೇಲೆ ಕೂತು ಕೆಳಗೆ ನೋಡಿದಳು.

"ಅವನಿಗೆ ನಾನೇ ಹೇಳಿದ್ದೆನಲ್ಲ ಬತೂಲ್. ನೀರು ಮೇಲಕ್ಕೆ ಹತ್ತಲ್ಲ ಅಂತ."

"ಆಡುಗಳದ್ದೋ?"

"ದಂಡೆಗೆ ಗೋಡೆ ಎಬ್ಬಿಸಿದ ಮೇಲೆ ಆಡು ಎಲ್ಲಿ ಬರುತ್ತೆ."

ಇಳಿದು ಬಂದಾಗ ಬಿಳಿ ದಾರದ ಸೀಸೆಯಲ್ಲಿ ಮೇಲೆ ಕೆನೆ ಕಟ್ಟಿತ್ತು. ಕೆನೆಯ ಕೆಳಗೆ ಹಸಿರು ಇಣುಕುತ್ತಿತ್ತು. ತಾಮೂ ಬುಟ್ಟಿ ಎತ್ತಿಕೊಂಡು ಎಂದಿನಂತೆ ಕೊಳಕ್ಕೆ ಹೋದಳು, ನಾನೂ ಹಿಂದೆ ಹೋದೆ. ಅವಳ ನೆರಳು ಬಿದ್ದ ಕಡೆ ಮೀನು ಮುಗಿಬಿದ್ದವು. ಅವಳು ಒಂದು ರೊಟ್ಟಿ ಮುರಿದು ಹಾಕಿ, ಮೀನು ತಿಂದದ್ದನ್ನು ಬಿಟ್ಟು ತಿನ್ನದೆ ಉಳಿದುದನ್ನು ನೋಡಿದಳು. ಅರ್ಧಕ್ಕರ್ಧ ಬಿಳಿಯ ಹಿಂಡಿಯಾಗಿ ಮೆಲ್ಲಗೆ ಕೆಳಗಿಳಿಯಿತು. ತೋಳೇರಿಸಿ ಮೂರನೆಯ ಮೆಟ್ಟಿಲಿಗೆ ಕೈ ಹಾಕಿ ಒಂದು ಹಿಡಿ ಕರಿ ಕೆಸರು ತೆಗೆದು ಮೂಸಿದಳು. ನನ್ನ ಮೂಗಿನ ಹತ್ತಿರವೂ ಹಿಡಿದಳು. ಮಾಳಿಗೆಯ ಬಿಳಿ ದಾರದ ಸೀಸೆಯ ನಾತವೇ.

"ಆರು ವರ್ಷದ್ದು," ಎಂದಳು. "ಊಟೆ ಬೇರೆ ಸಣ್ಣಗಾಗಿದೆ. ಮೊದಲಾಗಿದ್ರೆ ತಳ್ಳಿಕೊಂಡು ಹೋಗ್ತಿತ್ತು."

"ಬಾಯಿ ಬಿಡಬೇಡ ತಾಮೂ. ಬುಟ್ಟಿ ನಿಲ್ಲಿಸಿಬಿಡು ಸಾಕು. ನಿನ್ನ ಮೇಲೆ ಮೊದಲೇ ಕಣ್ಣಿದೆ."

"ಬಿಟ್ಟರೆ ಕೆಸರು ತಾನಾಗಿ ಎದ್ದು ಹೋಗುತ್ತೇನೇ? ಅದು ತೆಗೀಬೇಕಾದ್ರೆ ಊರೇ ಇಳೀಬೇಕು. ಊರು ಇಳೀಬೇಕಾದ್ರೆ ನಾನು ಹೇಳ್ಬೇಕು."

ಗುರುವಾರ ಅವಳು ಜಗಲಿಯ ಮುಂದೆ ನಿಂತು, ಬಿಳಿ ದಾರದ ಸೀಸೆಯ ಮುಚ್ಚಳವನ್ನು ಬೆನ್ನಾಸರ್‌ನ ಮೂಗಿನಡಿಯೇ ತೆಗೆದಳು. ಅವನು ಮೂರು ಮಾರು ಹಿಂದೆ ಸರಿದ.

"ಅಲ್ಲಾಹ್! ಏನಮ್ಮ ಇದು? ಯಾರ ಕೆಲಸ?"

"ನಂದು. ಕೊಳದ್ದೂ ನಂದೇ." ಎಂದು ಐದು ಸೀಸೆಯ ಕಥೆಯನ್ನೂ ಹೇಳಿದಳು.

ಬುಶ್ತಾ ತೊಡೆ ತಟ್ಟಿಕೊಂಡ. "ನಾನು ಅಂದಿರಲಿಲ್ವಾ? ಸೋಪಲ್ಲದಿದ್ರೆ ರೊಟ್ಟಿ! ಒಟ್ಟಿನಲ್ಲಿ ತಾಮೂಳೇ!"

"ಹೌದಪ್ಪ. ನೀನು ತಪ್ಪು ಹೇಳಿಯೂ ಸರಿಯಾದೋನು."

ರೊಟ್ಟಿ ಹಾಕಿದ್ದು ಪುಣ್ಯವೋ ಪಾಪವೋ ಎಂದು ಮುದುಕರಿಬ್ಬರು ವಾದಕ್ಕೆ ಬಿದ್ದರು. ಅದು ಮುಗಿಯುವ ಮಾತಲ್ಲ. ಬೆನ್ನಾಸರ್ ಕಡೆಗೆ ಹೇಳಿದ. ಕೊಳ ಬರಿದು ಮಾಡಿ ಕೆಸರು ತೆಗೆಯೋಣ, ಆಲಿವ್ ಕೀಳುವ ಹೊತ್ತಿಗೆ ಐದನೆಯ ಮೆಟ್ಟಿಲು ಕಂಡರೆ ಮುಚ್ಚಳ ಬೇಡ. ಕಾಣದಿದ್ದರೆ ಸಿಮೆಂಟು.

ಮೀನುಗಳನ್ನು ಮದುವೆಯ ಹಂಡೆಗಳಿಗೆ ಎತ್ತಿದೆವು. ಕೆಸರು ಹೊರಲು ಮೊದಲ ದಿನ ಬಂದವರು ಆರೇ ಜನ. ಎರಡನೆಯ ದಿನ ಬುಶ್ತಾ ಆ ಕರಿ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದ. ಮೂರನೆಯ ದಿನ ಎರಡು ಕತ್ತೆ ತಂದ. ಪುದೀನಕ್ಕೆ ಇದಕ್ಕಿಂತ ಗೊಬ್ಬರ ಬೇಕೆ? ಆಮೇಲೆ ಪುದೀನದವರೆಲ್ಲ ಬುಟ್ಟಿಗಾಗಿ ಜಗಳವಾಡುತ್ತಾ ತಳ ಕೆರೆದರು. ಗೂಡುಗಳ ರೊಟ್ಟಿಯನ್ನು ಈಗ ತಾಮೂ ಮಾಳಿಗೆಯಲ್ಲಿ ಒಣಗಿಸುತ್ತಿದ್ದಳು. ಸಂತೆಯ ದಿನ ಬೆಟ್ಟದ ಕುರುಬ ಬಂದು ಒಯ್ಯುತ್ತಿದ್ದ. ಮೀನುಗಳು ಮಾತ್ರ ಅವಳ ನೆರಳನ್ನು ಮರೆಯಲಿಲ್ಲ. ಅವಳು ದಂಡೆಯುದ್ದಕ್ಕೂ ನಡೆದರೆ ಅವೂ ಉದ್ದಕ್ಕೂ ಬರುತ್ತಿದ್ದವು. "ಪಾಚಿ ಮೇಯ್ರೇ, ಸೋಮಾರಿಗಳಾ," ಎಂದು ಬರಿಗೈ ತೋರಿಸುತ್ತಿದ್ದಳು.

ಆಲಿವ್ ಕೀಳುವ ವಾರ ಎಲ್ಲರೂ ದಂಡೆಯ ಮೇಲೆ ಸೇರಿದರು. ನಾಲ್ಕು ಮೆಟ್ಟಿಲು ಸ್ಪಷ್ಟ. ಐದನೆಯದು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ತಾಮೂ ಮುಂಜಾನೆಯೇ ಅದರ ಮೇಲೆ ಒಂದು ತಟ್ಟೆ ಇಳಿಸಿದ್ದಳು. ಬೆನ್ನಾಸರ್ ಕನ್ನಡಕ ಒರೆಸಿ ಬಗ್ಗಿದ.

"ನನಗೇನೋ ಬೆಳ್ಳಗೆ ಕಂಡ ಹಾಗಿದೆ. ಬುಶ್ತಾ, ನಿನಗೆ?"

"ನನಗೇನೂ ಕಾಣಲ್ಲ," ಎಂದ ಬುಶ್ತಾ. ಪೈಪಿನ ಆಸೆ ಅವನಿಗೆ ಇನ್ನೂ ಹೋಗಿರಲಿಲ್ಲ. "ಬರೀ ಮಬ್ಬು."

"ಸರಿಯಾಗಿ ನೋಡೋ. ನೀಲಿ ಹೂವಿನ ತಟ್ಟೆ. ನನ್ನ ಮದುವೇದು, ಹೊಸದರ ಹಾಗಿದೆ," ಎಂದಳು ತಾಮೂ.

"ಹೊಸದಂತೆ! ಅಂಚು ಒಡೆದು ಎಷ್ಟು ಕಾಲ ಆಯ್ತೋ! ಊರಿಗೆಲ್ಲಾ ತೋರಿಸೋಕೆ ಒಂದು ನೆಟ್ಟಗಿರೋ ತಟ್ಟೆ ಸಿಗಲಿಲ್ವಾ ನಿನಗೆ?" ಎಂದ ಬುಶ್ತಾ, ನೀರಿಗೆ ಬಗ್ಗಿ.

ಎಲ್ಲರೂ ಬುಶ್ತಾನ ಕಡೆ ತಿರುಗಿದರು. ಆಮೇಲೆ ಬೆನ್ನಾಸರ್ ಮೆಲ್ಲಗೆ ನೆಟ್ಟಗಾದ.

"ಸಿಮೆಂಟನ್ನ ಮದರಸದ ಗೋಡೆಗೆ ಹಾಕಿಸ್ರಪ್ಪ," ಎಂದ.

ತಾಮೂ ಆಗಲೇ ಕಾಲುವೆಯ ಬಾಯಲ್ಲಿ ಕೂತು ವಾಪಸ್ ಬಂದಿದ್ದ ಉಣ್ಣೆಯ ಮೂಟೆ ಬಿಚ್ಚುತ್ತಿದ್ದಳು.