ಡಬ್ಬಿ ಖಾಲಿ ಕೊಡಬಾರದು

ಮಹಾನವಮಿಗೆ ಎರಡು ದಿನ ಇರುವಾಗ ಮಹಾರಾಷ್ಟ್ರ ಗಡಿಯ ತಿಕೋಂಡಿಯ ಜನಾಬಾಯಿ ನಳದ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನಿಂದ ಒಂದು ತಗಡಿನ ಡಬ್ಬಿ ತಿಕ್ಕುತ್ತಿದ್ದರು. ಬೇರೆ ಪಾತ್ರೆಗಳೆಲ್ಲ ತೊಳೆದು ಮುಗಿದಿದ್ದವು. ಈ ಡಬ್ಬಿಯ ತಳ ಮಾತ್ರ ಎಷ್ಟು ತಿಕ್ಕಿದರೂ ಬೆಳ್ಳಗಾಗದೆ, ಈ ಸಲ ಹಳೆಯ ಜಿಡ್ಡು ಕಿತ್ತಲ್ಲಿ ನೀಲಿ ಗೆರೆಗಳು ಕಾಣಿಸತೊಡಗಿದವು. ಅವರು ಸೊಸೆಯನ್ನು ಕೂಗಿದರು.

"ಕರಿಷ್ಮಾ, ಬಾ ಇಲ್ಲಿ. ಇದು ಕಿಲುಬೋ, ಅಕ್ಷರಾನೋ ನೋಡು."

ಅಕ್ಷರಗಳೇ. ಹನ್ನೆರಡನೆಯ ತರಗತಿಯವರೆಗೆ ಓದಿದ ಕರಿಷ್ಮಾ ಇಂಗ್ಲಿಷನ್ನು ತಡೆತಡೆದು ಓದಿದಳು. ಸ್ಕಾಟ್ಲಂಡಿನ ಗ್ಲೆನ್‌ಮೋರಿ ಎಂಬ ಊರಿನ ಚರ್ಚಿನ ಮಹಿಳಾ ಸಂಘದ ಕಾಣಿಕೆ, ಮಾರಾಟಕ್ಕಲ್ಲ ಎಂದು ಅದರಲ್ಲಿತ್ತು.

ಜನಾಬಾಯಿ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟರು. "ಅಂದ್ರ ಡಬ್ಬಿ ಕೊಟ್ಟವರ ವಿಳಾಸ ಸಿಕ್ತು ಅನ್ನು" ಎಂದರು. ಐವತ್ತೆರಡು ವರ್ಷಗಳಿಂದ ಬಾಕಿ ಉಳಿದ ಒಂದು ಕೆಲಸ ಅಂದು ಶುರುವಾಯಿತು.

ಜನಾಬಾಯಿಯವರಿಗೆ ಈಗ ಅರವತ್ತು. ಮದುವೆಯಾದಂದಿನಿಂದಲೂ ಅವರ ಕಸುಬು ಕಡಕ್ ರೊಟ್ಟಿ. ದಿನಕ್ಕೆ ನೂರನಲವತ್ತು ರೊಟ್ಟಿ ತಟ್ಟಿ, ಬೇಯಿಸಿ, ಒಣಗಿಸುತ್ತಾರೆ. ಅವು ಬಸ್ಸಿನ ಮೇಲೆ ವಿಜಾಪುರದ ಖಾನಾವಳಿಗಳಿಗೆ ಹೋಗುತ್ತವೆ. ಜೋಳ ಅಳೆಯಲು ಅವರು ಬಳಸುವುದು ಈ ಡಬ್ಬಿಯನ್ನೇ. ಒಂದು ಡಬ್ಬಿ ಜೋಳಕ್ಕೆ ಮೂವತ್ತೈದು ರೊಟ್ಟಿ. ಗಿರಣಿಯವನು ತೂಕ ಹಾಕುವುದನ್ನು ಬಿಟ್ಟು ಹತ್ತು ವರ್ಷವಾಯಿತು. "ನಾಕು ಡಬ್ಬಿ" ಎಂದರೆ ಅವನಿಗೆ ತಿಳಿಯುತ್ತದೆ.

ಡಬ್ಬಿ ಅವರ ತವರುಮನೆಗೆ ಬಂದದ್ದು ಎಪ್ಪತ್ತೆರಡರ ಬರದಲ್ಲಿ. ಜನಾಬಾಯಿಗೆ ಆಗ ಎಂಟು ವರ್ಷ. ತಾಯಿ ಹಾಲವ್ವ ಕೆರೆ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ತಮ್ಮ ಹರಿಬಾ ಮೂರು ತಿಂಗಳ ಕೂಸು. ತಾಯಿಯ ಎದೆಯಲ್ಲಿ ಹಾಲಿರಲಿಲ್ಲ. ಮಿಷನ್ನಿನ ಬಿಳಿ ಜೀಪು ವಾರಕ್ಕೊಮ್ಮೆ ಬರುತ್ತಿತ್ತು. ಅದರಲ್ಲಿ ಬರುತ್ತಿದ್ದ ವಿದೇಶಿ ಹೆಂಗಸು ಹಾಲವ್ವನ ಕೈಗೆ ಹಾಲಿನ ಪುಡಿಯ ಈ ಡಬ್ಬಿ ಕೊಟ್ಟು, ತನಗೆ ಬರುತ್ತಿದ್ದ ಅಷ್ಟಿಷ್ಟು ಮರಾಠಿಯಲ್ಲಿ "ಡಬಾ ಪರತ ಆಣಾ" ಎಂದಿದ್ದಳು. ಡಬ್ಬಿ ತಿರುಗಿ ತನ್ನಿ, ಮತ್ತೆ ತುಂಬಿ ಕೊಡುತ್ತೇನೆ ಎಂದು ಅವಳ ಅರ್ಥ ಇದ್ದಿರಬೇಕು. ಅಷ್ಟರಲ್ಲಿ ಮಳೆ ಬಂತು, ಕಾಮಗಾರಿ ನಿಂತಿತು, ಜೀಪೂ ನಿಂತಿತು. ಡಬ್ಬಿ ಮನೆಯಲ್ಲೇ ಉಳಿದು, ಮುಂದೆ ಮದುವೆಯಾದಾಗ ಜನಾಬಾಯಿಯ ಜೊತೆ ಬಂತು.

ಈ ಸೀಮೆಯಲ್ಲಿ ನೆರೆಮನೆಯಿಂದ ಪಲ್ಯ ತುಂಬಿ ಬಂದ ಬಟ್ಟಲು ಖಾಲಿ ಹೋಗುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಶೇಂಗಾ, ಅದೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ. ನಾಲ್ಕು ವರ್ಷದ ಹಿಂದೆ ಹಾಸಿಗೆ ಹಿಡಿದಾಗಲೂ ಹಾಲವ್ವ ಮಗಳನ್ನು ಕೇಳುತ್ತಿದ್ದದ್ದು ಒಂದೇ: "ಡಬ್ಬಿ ಕೊಟ್ಟಿಯೇನ?" ಕೊನೆಯ ವಾರ ಜನಾಬಾಯಿ "ಕೊಟ್ಟೆನವ್ವಾ" ಎಂದು ಸುಳ್ಳು ಹೇಳಿದರು. "ತುಂಬಿ ಕೊಟ್ಟೀ ಇಲ್ಲೋ?" ಎಂದು ಮುದುಕಿ ಕೇಳಿದರು. "ತುಂಬೇ ಕೊಟ್ಟೆ." ಆ ಸುಳ್ಳನ್ನು ನಿಜ ಮಾಡದೆ ತನಗೆ ಬಿಡುಗಡೆಯಿಲ್ಲ ಎಂಬುದು ಜನಾಬಾಯಿಯವರ ಲೆಕ್ಕ.

ಕರಿಷ್ಮಾ ಫೋನಿನಲ್ಲಿ ಹುಡುಕಿದಳು. ಚರ್ಚು ಇತ್ತು. ಅದರ ಪಡಸಾಲೆಯಲ್ಲಿ ಪ್ರತಿ ಬುಧವಾರ ಬಡವರಿಗೆ ಬಿಸಿ ಸೂಪು, ಬ್ರೆಡ್ಡು ಪುಕ್ಕಟೆ ಕೊಡುತ್ತಾರೆಂದೂ ಅಲ್ಲಿ ಬರೆದಿತ್ತು. ಸುದ್ದಿ ಓಣಿಗೆ ಮುಟ್ಟಿತು. ಎದುರುಮನೆಯ ಇಂದ್ರಾಬಾಯಿ, ಸ್ವಂತ ಹೊಲದ ಜೋಳವನ್ನು ಜನಾಬಾಯಿಗೆ ಮಾರುವವರು, ಬಾಗಿಲಿಗೇ ಬಂದರು.

"ಆ ದೇಶದಾಗ ಬಡವರು ಎಲ್ಲಿಂದ ಬಂದ್ರವಾ?"

"ನಮ್ಮೂರಿಗೆ ಎಲ್ಲಿಂದ ಬಂದ್ರೋ, ಅಲ್ಲಿಂದನ" ಎಂದರು ಜನಾಬಾಯಿ.

ಡಬ್ಬಿ ತಿರುಗಿ ಕಳಿಸುತ್ತೇವೆಂದು ಕರಿಷ್ಮಾ ಚರ್ಚಿಗೆ ಬರೆದದ್ದಕ್ಕೆ ಐಲ್ಸಾ ಎಂಬ ಎಪ್ಪತ್ತೊಂದರ ಹೆಂಗಸು ಉತ್ತರ ಬರೆದಳು. ಆ ವರ್ಷ ಡಬ್ಬಿಗಳನ್ನು ತುಂಬಿದವರಲ್ಲಿ ತನ್ನ ತಾಯಿಯೂ ಒಬ್ಬಳು. ಇನ್ನೂರು ಡಬ್ಬಿ ಕಳಿಸಿದ್ದರಂತೆ. ತಿರುಗಿ ಕೊಡುತ್ತೇನೆ ಎಂದವರು ಇದುವರೆಗೆ ಯಾರೂ ಇಲ್ಲ. ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ.

"ಬ್ಯಾಡ ಅಂತಾರಲ್ರಿ ಅತ್ತಿ" ಎಂದಳು ಕರಿಷ್ಮಾ.

"ಡಬ್ಬಿ ಕೊಟ್ಟವರು ಎಲ್ಲಾರೂ ಬ್ಯಾಡಂತನ ಅಂತಾರ. ಹಂಗಂತ ಯಾರರ ಇಟ್ಕೋತಾರೇನ?"

ಏನು ತುಂಬಬೇಕೆಂಬುದರಲ್ಲಿ ಚರ್ಚೆ ಇರಲಿಲ್ಲ. ಆರು ತಿಂಗಳು ಕೆಡದೆ ಇರುವ ವಸ್ತು ಮನೆಯಲ್ಲಿ ಒಂದೇ. ತೊಂದರೆ ಎದುರಾದದ್ದು ಅಳತೆಯಲ್ಲಿ. ಜನಾಬಾಯಿಯವರ ರೊಟ್ಟಿ ಒಂದಡಿ ಅಗಲ. ಡಬ್ಬಿಯ ಬಾಯಿ ಅರ್ಧ ಅಡಿ. ಕಡಕ್ ರೊಟ್ಟಿ ಮಡಚುವ ಪೈಕಿಯದಲ್ಲ. ಹರಿಬಾ, ಅದೇ ಹಾಲಿನ ಪುಡಿ ಕುಡಿದು ಬೆಳೆದು ಈಗ ಐವತ್ತೆರಡು ವರ್ಷದ ಕುರಿಗಾರನಾದವನು, ಮುರಿದು ತುಂಬಲು ಸಲಹೆ ಕೊಟ್ಟ.

"ಮುರುದ ರೊಟ್ಟಿ ಭಿಕ್ಷಾದವರಿಗೆ ಕೊಡ್ತಾರ" ಎಂದರು ಅಕ್ಕ.

"ಅಲ್ಲಿ ತಿನ್ನವರೂ ಅವರನ ಅಲ್ಲೇನ?"

"ಭಿಕ್ಷಾದವರಿಗೆ ಇಡೀ ರೊಟ್ಟಿ ಕೊಟ್ರ ನಿನ್ನ ಕುರಿ ಸಾಯ್ತಾವೇನ? ಹಾಲು ಕುಡುದವ ನೀ. ಸುಮ್ಕ ಕುಂದ್ರು."

ಸಣ್ಣ ರೊಟ್ಟಿ ತಟ್ಟಬೇಕಾಯಿತು. ನಲವತ್ತು ವರ್ಷ ಒಂದೇ ಅಳತೆಗೆ ಒಗ್ಗಿದ ಕೈ ಒಪ್ಪಲಿಲ್ಲ. ಹಿಟ್ಟಿನ ಉಂಡೆಯನ್ನು ಅರ್ಧ ಮಾಡಿದರು. ಅಂಗೈ ಅದನ್ನೇ ತೆಳ್ಳಗೆ ಮಾಡಿ ಮುಕ್ಕಾಲು ಅಡಿಗೆ ಒಯ್ದಿತು. ಕಾಲು ಮಾಡಿದರು, ರೊಟ್ಟಿ ಹಪ್ಪಳದಂತಾಗಿ ಹೆಂಚಿನ ಮೇಲೆ ಹರಿದುಹೋಯಿತು. ಕರಿಷ್ಮಾ ಮುಚ್ಚಳ ಒತ್ತಿ ಕತ್ತರಿಸಿ ತೋರಿಸಿದಳು. ರೊಟ್ಟಿಗೆ ಕತ್ತರಿ ಹಾಕುವುದು ಎಂದರೆ ತನ್ನ ಕೈಗೇ ಹಾಕಿದಂತೆ ಎಂದು ಜನಾಬಾಯಿ ಅದನ್ನು ಆಡಿಗೆ ತಿನ್ನಿಸಿದರು. ಮೂರು ದಿನ ಹೀಗೆ ನಡೆಯಿತು. ಅಂಗಳದಲ್ಲಿ ಸಾಲಾಗಿ ಒಣಗುತ್ತಿದ್ದ ಅಂಗೈಯಷ್ಟಗಲ, ತಾಟಿನಷ್ಟಗಲ, ಯಾವುದಕ್ಕೂ ಸಲ್ಲದ ರೊಟ್ಟಿಗಳನ್ನು ನೋಡಿ ಇಂದ್ರಾಬಾಯಿ ಕೇಳಿದರು, "ಏನವಾ, ಗೊಂಬಿ ಮದುವಿ ಐತೇನ? ನಮಗ ಕರದಿಲ್ಲಲ್ಲ?"

ನಾಲ್ಕನೆಯ ದಿನ ಮುಚ್ಚಳವನ್ನೇ ಬೋರಲು ಹಾಕಿ ಅದರ ಮೇಲೆ ತಟ್ಟಿದರು. ಅಂಚಿಗೆ ಬಂದಾಗ ಕೈಗೆ ತಗಡು ತಾಗಿ ತಾನೇ ನಿಂತಿತು. ಐವತ್ತೆರಡು ರೊಟ್ಟಿ ಹಿಡಿದವು. ಬೇಕೆಂದು ಎಣಿಸಿದ್ದಲ್ಲ, ಡಬ್ಬಿ ಅಷ್ಟೇ ಇತ್ತು. ಸಂದಿಗಳಿಗೆ ಶೇಂಗಾ ಚಟ್ನಿಪುಡಿಯ ಪುಟ್ಟ ಪೊಟ್ಟಣಗಳನ್ನು ತುರುಕಿದರು.

ವಿಜಾಪುರದಲ್ಲಿ ಹೊರದೇಶಕ್ಕೆ ಪಾರ್ಸಲ್ ಕಳಿಸುವ ಸಿದ್ದಾರೂಢನ ಅಂಗಡಿ ಇದೆ. ಅವನು ಡಬ್ಬಿಯನ್ನು ಎತ್ತಿ ನೋಡಿದ.

"ಬಾಯಾರ, ಡಬ್ಬೀದ ತೂಕಾನ ಭಾಳ ಆಗ್ತೈತ್ರಿ. ರೊಟ್ಟಿ ತಗದು ರಟ್ಟಿನ ಪೆಟ್ಟಿಗ್ಯಾಗ ಹಾಕೂಣ, ಡಬ್ಬಿ ನೀವ ಇಟ್ಕೊಳ್ರಿ."

"ಡಬ್ಬಿ ಕಳಸಾಕನ ರೊಟ್ಟಿ ಹಾಕಿದ್ದಪಾ. ರೊಟ್ಟಿ ಕಳಸಾಕ ಡಬ್ಬಿ ಅಲ್ಲ."

ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ಫಾರ್ಮು ತೆಗೆದ. "ದಾರಿಯಾಗ ಒಡದ್ರ ನಾ ಜಿಮ್ಮೇದಾರ ಅಲ್ರಿ."

"ಕಡಕ್ ರೊಟ್ಟಿ ಒಡೀದ ಹ್ಯಾಂಗ ತಿಂತಾರಪಾ?"

"ತಗೊಳ್ಳವರು ನಿಮಗೇನಾಗಬೇಕ್ರಿ? ಇಲ್ಲಿ ಸಂಬಂಧ ಬರೀಬೇಕು."

"ನೆರಿಮನಿಯವರು" ಎಂದರು ಜನಾಬಾಯಿ. ಸಿದ್ದಾರೂಢ ಸ್ಕಾಟ್ಲಂಡಿನ ವಿಳಾಸವನ್ನು ಇನ್ನೊಮ್ಮೆ ನೋಡಿದ, ಆಮೇಲೆ ಅದನ್ನೇ ಬರೆದ.

ಆ ದಿನ ಕರಿಷ್ಮಾಳ ಜೊತೆ ಮರಳುವಾಗ ಜನಾಬಾಯಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರಿನವರೆಗೂ ನಿದ್ದೆ ಮಾಡಿದರು. ಹಾಗೆ ಹಗಲು ನಿದ್ದೆ ಮಾಡಿದ್ದನ್ನು ತಾನು ಎಂದೂ ಕಂಡಿರಲಿಲ್ಲ ಎನ್ನುತ್ತಾಳೆ ಕರಿಷ್ಮಾ. ಮನೆಗೆ ಬಂದು ತಾಯಿಯ ಫೋಟೋದ ಮುಂದೆ ನಿಂತು, "ಈಗ ಖರೇನ ಕೊಟ್ಟೆ, ತುಂಬಿ ಕೊಟ್ಟೆ" ಎಂದರು. ಮರುದಿನ ಜೋಳ ಅಳೆಯಲು ಕೈ ಚಾಚಿದಾಗ ಗೂಡು ಖಾಲಿ ಇತ್ತು. ಸ್ಟೀಲಿನ ಡಬ್ಬಿ ತಂದರು. ಗಿರಣಿಯವನು ಮತ್ತೆ ತಕ್ಕಡಿ ಹೊರತೆಗೆಯಬೇಕಾಯಿತು.

ಏಳು ವಾರದ ನಂತರ ಅಂಚೆಯವನು ಒಂದು ಪೆಟ್ಟಿಗೆ ತಂದುಕೊಟ್ಟ. ಹರಿಬಾ ಕುರಿ ಬಿಟ್ಟು ಓಡಿ ಬಂದ, ಇಂದ್ರಾಬಾಯಿ ಹಿಟ್ಟಿನ ಕೈಯಲ್ಲೇ ಬಂದರು. ಒಳಗೆ ಐಲ್ಸಾಳ ಪತ್ರವಿತ್ತು. ಮೊದಲ ಬುಧವಾರ ರೊಟ್ಟಿಗಳನ್ನು ಏನು ಮಾಡಬೇಕೆಂದು ತಿಳಿಯದೆ ಎಲ್ಲರೂ ಅವುಗಳ ಮೇಲೆ ಚಹಾದ ಕಪ್ಪು ಇಟ್ಟುಕೊಂಡಿದ್ದರಂತೆ. ಹಡಗಿನಲ್ಲಿ ದುಡಿದು ನಿವೃತ್ತನಾದ ಒಬ್ಬ ಮುದುಕ ಕಪ್ಪು ಸರಿಸಿ, ರೊಟ್ಟಿಯನ್ನು ಸೂಪಿನಲ್ಲಿ ಮುರಿದು ಅದ್ದಿ ತಿಂದನಂತೆ. ಎರಡನೆಯ ಬುಧವಾರಕ್ಕೆ ಒಂದೂ ಉಳಿಯಲಿಲ್ಲ. ಚಟ್ನಿಪುಡಿ ಏನೆಂದು ಈಗಲೂ ಗೊತ್ತಿಲ್ಲ, ಆದರೆ ಅದೂ ಮುಗಿದಿದೆ. ಇಷ್ಟು ವರ್ಷ ಜೋಪಾನ ಮಾಡಿದ ಡಬ್ಬಿ ನಿಮ್ಮದೇ, ನಿಮ್ಮಲ್ಲೇ ಇರಲಿ.

ಪತ್ರದ ಕೆಳಗೆ ಡಬ್ಬಿ ಇತ್ತು. ಕರಿಷ್ಮಾ ಮುಚ್ಚಳ ತೆಗೆದಳು. ಬಾಯಿಮಟ್ಟ ಬೆಣ್ಣೆ ಬಿಸ್ಕೀಟು.

ಜನಾಬಾಯಿ ಡಬ್ಬಿಯೊಳಗೆ ಬಗ್ಗಿ ನೋಡಿದರು. "ಅಯ್ಯ ಶಿವನ! ತುಂಬಿ ಕಳಿಸ್ಯಾರಲ್ಲೋ!"

ಹರಿಬಾ ಆಗಲೇ ಎರಡು ಬಿಸ್ಕೀಟು ಬಾಯಿಗೆ ಹಾಕಿಕೊಂಡಿದ್ದ. "ಚಲೋ ಅದಾವ ಅಕ್ಕಾ. ಆವಾಗೂ ನಾ ತಿಂದೆ, ನೀ ತೀರಿಸಿದಿ. ಈಗೂ ಹಂಗ ಮಾಡೂಣ."

"ನೀ ಹುಟ್ಟಿದ್ದ ನನಗ ಸಾಲ ಮಾಡಾಕ" ಎಂದು ಅವರು ಒಂದು ಬಿಸ್ಕೀಟು ತೆಗೆದು ಮೂಸಿದರು. ಇಂದ್ರಾಬಾಯಿಗೆ ನಾಲ್ಕು ಕೊಟ್ಟರು. ಇಂದ್ರಾಬಾಯಿ ಅವನ್ನು ಜನಾಬಾಯಿಯ ಬಟ್ಟಲಲ್ಲಿ ಒಯ್ಯದೆ, ಎಚ್ಚರಿಕೆಯಿಂದ ಸೆರಗಿನಲ್ಲೇ ಕಟ್ಟಿಕೊಂಡರು.

ಬಿಸ್ಕೀಟು ಭಾನುವಾರಕ್ಕೆ ಮುಗಿಯಿತು. ಸೋಮವಾರ ಜನಾಬಾಯಿ ಮುಚ್ಚಳ ಬೋರಲು ಹಾಕಿಕೊಂಡು ಕೂತರು. ಕೈ ಈ ಸಲ ತಕರಾರು ಮಾಡಲಿಲ್ಲ. ಗುರುವಾರ ಮುಂಜಾನೆಯ ವಿಜಾಪುರ ಬಸ್ಸಿಗೆ ಡಬ್ಬಿ ಹೊರಡುತ್ತದೆ.